ಲೋಕಯ್ಯನ ಹೆಸರು ಹಾಕಿದ ಮಧ್ಯಾಹ್ನ

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಜನ ಬೇಕಾದ್ದಕ್ಕಿಂತ ಹೆಚ್ಚು ನಕ್ಕರು. ತೊಂದರೆ ಶುರುವಾದದ್ದು ಅಲ್ಲಿಂದ. ಕೊಕ್ಕಡದ ಹತ್ತಿರದ ಆ ಶಾಲೆಯ ಗೋಡೆ ಗಡಿಯಾರ ವೇದಿಕೆಗೆ ನೇರ ಎದುರಿಗಿತ್ತು. ಮೂರೂವರೆಗೆ ಮುಗಿಸಬೇಕು, ಆಮೇಲೆ ಬಹುಮಾನ ವಿತರಣೆ ಉಂಟು ಎಂದು ಯುವಕ ಮಂಡಲದವರು ಹೇಳಿದ್ದರಿಂದ ನಾನು ಅದನ್ನೇ ನೋಡುತ್ತಿದ್ದೆ. ಸಂಜೆ ಕರೆಂಟು ಇರುವುದಿಲ್ಲವೆಂದು ವಾರ್ಷಿಕೋತ್ಸವವನ್ನು ಹಗಲಿಗೇ ಇಟ್ಟುಕೊಂಡಿದ್ದರು.

ವೇದಿಕೆಯ ಮೇಲೆ ಇದ್ದದ್ದು ನಾವಿಬ್ಬರು. ಜೋಕು ಹೇಳುವವನು ಹಮೀದ್. ಪಕ್ಕದಲ್ಲಿ ನಿಂತು ‘ಆಮೇಲೆ ಏನಾಯಿತು?’ ಎಂದು ಕೇಳುವವನು ನಾನು, ದಾಮೋದರ. ಆಗ ನಡೆಯುತ್ತಿದ್ದದ್ದು ಹೆಣ್ಣು ನೋಡುವ ಐಟಂ. ಒಬ್ಬ ಮದುವೆ ಗಂಡು ವರ್ಷಗಟ್ಟಲೆ ಹೆಣ್ಣು ನೋಡುತ್ತಾನೆ, ಯಾವುದೂ ಕೂಡಿ ಬರುವುದಿಲ್ಲ. ಕೊನೆಗೆ ಅವನ ಮನೆಯಲ್ಲಿ ಅವನಿಗೆ ಬೆಳಗ್ಗಿನ ತಿಂಡಿ ಮಾಡುವುದನ್ನೇ ನಿಲ್ಲಿಸುತ್ತಾರೆ, ಹೇಗೂ ಅವನ ತಿಂಡಿ ಹೆಣ್ಣಿನವರ ಮನೆಯಲ್ಲಿ ಆಗುತ್ತದಲ್ಲ ಎಂದು. ದೊಡ್ಡ ಜೋಕೇನಲ್ಲ. ಬಂಟ್ವಾಳದಿಂದ ಮೂಡುಬಿದಿರೆವರೆಗೆ ಎಷ್ಟೋ ಕಡೆ ಹೇಳಿ ಅಂಚು ಸವೆದು ಹೋಗಿತ್ತು. ಅದಕ್ಕೆ ಎಷ್ಟು ನಗು ಬರುತ್ತದೆಂದು, ಮದುವೆ ಅಡುಗೆಯವರಿಗೆ ಅಕ್ಕಿಯ ಅಳತೆ ಗೊತ್ತಿರುವ ಹಾಗೆ ನಮಗೆ ಗೊತ್ತಿತ್ತು. ಆ ದಿನ ಹಮೀದ್ ಗಂಡಿನ ಹೆಸರು ಲೋಕಯ್ಯ ಎಂದದ್ದೇ, ಕಥೆ ಶುರುವಾಗುವ ಮೊದಲೇ ಇಡೀ ಮೈದಾನ ನಕ್ಕಿತು. ಮುಂದಿನ ಸಾಲಿನ ಹೆಂಗಸರು ಬಾಯಿಗೆ ಸೆರಗು ಹಿಡಿದು ಗೇಟಿನ ಕಡೆ ತಿರುಗಿದರು.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ನನ್ನ ಹತ್ತಿರ ಕೇಳುವುದು, ಮೈಕ್ ಹೇಗೆ ಹಿಡಿಯಬೇಕು ಸರ್ ಎಂದು. ಹೇಗೆ ಹಿಡಿದರೂ ಆಗುತ್ತದೆ. ಜನ ಯಾವ ಕಡೆ ನೋಡಿ ನಗುತ್ತಾರೆ ಎನ್ನುವುದನ್ನು ನೋಡಿ. ನಿಮ್ಮನ್ನು ನೋಡಿ ನಕ್ಕರೆ ಕಾರ್ಯಕ್ರಮ ಸರಿ ಇದೆ. ಬೇರೆ ಕಡೆ ನೋಡಿ ನಕ್ಕರೆ ಅಲ್ಲಿ ಏನೋ ಉಂಟು.

ಅಲ್ಲಿ ಏನಿತ್ತು ಎಂದು ಹೇಳುವ ಮೊದಲು, ನಾವು ಆ ವೇದಿಕೆಗೆ ಹೇಗೆ ಬಂದೆವು ಎಂದು ಹೇಳಬೇಕು. ಇಲ್ಲದಿದ್ದರೆ ಗೊತ್ತಿಲ್ಲದ ಊರಿನಲ್ಲಿ ಗೊತ್ತಿಲ್ಲದ ಮನುಷ್ಯನ ಹೆಸರು ನಮ್ಮ ಬಾಯಿಗೆ ಯಾಕೆ ಬಂತು ಎಂದು ನಿಮಗೆ ತಿಳಿಯುವುದಿಲ್ಲ.

ಹಮೀದ್ ಮತ್ತು ನಾನು ಮೂಡುಬಿದಿರೆಯ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಅವನ ತಂದೆಗೆ ಮೆಲ್ಕಾರಿನಲ್ಲಿ ಚಪ್ಪಲಿ ಅಂಗಡಿ. ಅಂಗಡಿಗೆ ಬಂದವರು ಚಪ್ಪಲಿ ಹಾಕಿ ನಾಲ್ಕು ಹೆಜ್ಜೆ ನಡೆದು ನೋಡುವುದನ್ನು ಚಿಕ್ಕಂದಿನಿಂದ ಕಂಡವನಾದ್ದರಿಂದ ಯಾರ ನಡಿಗೆಯನ್ನೂ ತೆಗೆಯುತ್ತಿದ್ದ, ಎಂದರೆ ಹಾಗೆಯೇ ನಡೆದು ತೋರಿಸುತ್ತಿದ್ದ. ಕಾಲೇಜು ದಿನಾಚರಣೆಯಲ್ಲಿ ಪ್ರಿನ್ಸಿಪಾಲರ ನಡಿಗೆ ತೆಗೆದ. ಪ್ರಿನ್ಸಿಪಾಲರೂ ನಕ್ಕರು, ಮರುದಿನ ಹಾಜರಿ ಕಡಿಮೆಯೆಂದು ಮನೆಗೆ ಕಾಗದ ಹಾಕಿದರು. ನಾನು ಆ ದಿನ ನಿರೂಪಕ. ಅವನು ಮಾತು ಮರೆತಾಗ ‘ಆಮೇಲೆ?’ ಎಂದು ಕೇಳಿದೆ. ಅಷ್ಟಕ್ಕೇ ನಾನು ಅವನ ಜೊತೆಯವನಾದೆ. ಬಿ.ಎ. ಮುಗಿಸಿದ ಮೇಲೆ ನನಗೆ ಬೇರೆ ಕೆಲಸ ಸಿಗದ್ದರಿಂದ ಆ ‘ಆಮೇಲೆ’ಯಲ್ಲೇ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಳೆಯಿತು.

ಮೊದಲು ನಮ್ಮನ್ನು ವೇದಿಕೆಗೆ ಹತ್ತಿಸಿದವರು ಶೀನ ಮಾಸ್ಟ್ರು. ಬಂಟ್ವಾಳದಲ್ಲಿ ತುಳು ನಾಟಕ ಆಡಿಸುತ್ತಿದ್ದರು. ದೃಶ್ಯ ಬದಲಾಗುವಾಗ ಪರದೆ ಸಿಕ್ಕಿಹಾಕಿಕೊಳ್ಳುತ್ತಿತ್ತು, ಅದನ್ನು ಬಿಡಿಸುವವರೆಗೆ ಜನರನ್ನು ಕೂರಿಸಲು ಯಾರಾದರೂ ಬೇಕಿತ್ತು. ಸಂಬಳ ಇಲ್ಲ, ಊಟ ಉಂಟು ಎಂದರು. ಅವರು ನಮ್ಮನ್ನು ಹೊಗಳಿದ್ದು ಒಂದೇ ಸಲ, ಅದೂ ಪರದೆ ಬೇಗ ಬಿಡಿಸಿದ್ದಕ್ಕೆ. ಆದರೆ ಅವರು ಹೇಳಿಕೊಟ್ಟ ಒಂದು ಪಾಠವನ್ನು ನಾನು ಇವತ್ತಿಗೂ ಬೇರೆಯವರಿಗೆ ಹೇಳುತ್ತೇನೆ. ಹಮೀದ್ ಜನ ನಗುತ್ತಿರುವಾಗಲೇ ಮುಂದಿನ ಮಾತು ಹೇಳಿಬಿಡುತ್ತಿದ್ದ. ಮಾಸ್ಟ್ರು ಪರದೆಯ ಹಿಂದಿನಿಂದ ಅವನ ಅಂಗಿ ಹಿಡಿದು ಎಳೆಯುತ್ತಿದ್ದರು. “ಅವರದ್ದು ಮುಗೀಲಿ ಮಾರಾಯ. ನೀನು ಮಾತ್ರ ಇರುದಾ ಇಲ್ಲಿ?” ನಗು ಪೂರ್ತಿ ನಿಲ್ಲುವವರೆಗೆ ಕಾಯುವುದನ್ನು ಕಲಿಯಲು ಅವನಿಗೆ ಒಂದು ವರ್ಷ ಬೇಕಾಯಿತು. ಆ ವರ್ಷದಲ್ಲಿ ಎರಡು ಅಂಗಿ ಹರಿಯಿತು.

ಬೆಳ್ತಂಗಡಿಯಲ್ಲಿ ರಿಕ್ಷಾ ಚಾಲಕರ ಸಂಘದವರು ಕರೆದದ್ದು ನಮ್ಮದೇ ಆದ ಮೊದಲ ಕಾರ್ಯಕ್ರಮ. ಹಮೀದ್ ಬಸ್ ಕಂಡಕ್ಟರನ ಐಟಂ ಮಾಡಿದ. ಬಂಟ್ವಾಳದಿಂದ ಹೊರಟು ಸ್ಟಾಪುಗಳ ಹೆಸರು ಕೂಗುತ್ತಾ ಮಡಂತ್ಯಾರು, ಗುರುವಾಯನಕೆರೆ ಎಂದು ಬಂದ. ಯಾರೂ ನಗಲಿಲ್ಲ. ಖಾಕಿ ಅಂಗಿಯ ಒಬ್ಬ ಹಿರಿಯರು ಎದ್ದು ನಿಂತು, ನಡುವೆ ಹೆಸರು ಕೂಗದೆ ಬಿಟ್ಟ ಪುಂಜಾಲಕಟ್ಟೆಯವರು ಎಲ್ಲಿ ಇಳಿಯುವುದು ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಸಭೆಯಲ್ಲಿ ಇನ್ನಿಬ್ಬರು ಹೌದೆಂದು ತಲೆ ಆಡಿಸಿದರು. ಹಮೀದ್ ಸ್ವಲ್ಪ ಯೋಚಿಸಿ, “ನೀವು ಹತ್ತಿದ್ದೇ ತಪ್ಪು ಬಸ್ಸು ಅಣ್ಣ, ಇದು ಎಕ್ಸ್‌ಪ್ರೆಸ್” ಎಂದ. ಆಗ ನಕ್ಕರು. ಬರೆದುಕೊಂಡು ಹೋದದ್ದಕ್ಕೆ ಬಾರದ ನಗು ಎದುರಿಗೆ ಕೂತ ಮನುಷ್ಯನಿಂದ ಬರುತ್ತದೆ ಎಂದು ನಾವು ಆ ದಿನ ಕಲಿತೆವು. ಸರಿಯಾಗಿಯೇ ಕಲಿತೆವು. ಅದನ್ನು ತಪ್ಪಾಗಿ ಬಳಸಿದ್ದು ಆಮೇಲೆ.

ತೊಂಬತ್ತರ ದಶಕದ ನಡುವಿಗೆ ಕ್ಯಾಸೆಟ್ಟುಗಳು ಬಂದವು. ಗಲ್ಫಿನಿಂದ ಬಂದವರ ಮನೆಯಲ್ಲೆಲ್ಲ ಟೇಪ್ ರೆಕಾರ್ಡರ್. ಜೋಕಿನ ಕ್ಯಾಸೆಟ್ ಕೇಳಿ ಕೇಳಿ ಜನರಿಗೆ ಬಾಯಿಪಾಠ. ನಾವು ಜೋಕು ಶುರು ಮಾಡಿದರೆ ಎರಡನೇ ಸಾಲಿನ ಮಕ್ಕಳು ಮುಗಿಸುತ್ತಿದ್ದರು. ಹೊಸತು ಎಲ್ಲಿಂದ ತರುವುದು? ಆಗ ನಮ್ಮ ಕಡೆಯ ಎಲ್ಲ ಕಲಾವಿದರೂ ಹಿಡಿದ ದಾರಿ ‘ಹೆಸರು ಹಾಕುವುದು’. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲು ಸಮಿತಿಯವರ ಜೊತೆ ಚಹಾ ಕುಡಿಯುತ್ತಾ, ಊರಿನಲ್ಲಿ ಜಿಪುಣ ಯಾರು, ಕುಡಿಯುವವ ಯಾರು, ಗೊರಕೆ ಹೊಡೆಯುವ ಮೇಷ್ಟ್ರು ಯಾರು ಎಂದು ಕೇಳಿಕೊಳ್ಳುವುದು. ಆಮೇಲೆ ಹಳೇ ಜೋಕಿಗೆ ಆ ಹೆಸರು ಹಾಕಿ ಹೇಳುವುದು. ಹಳೇ ಜೋಕು ಆ ಊರಿನಲ್ಲೇ ಹುಟ್ಟಿದ ಹಾಗೆ ಆಗುತ್ತಿತ್ತು. ನಮ್ಮ ಹೆಸರೂ ಹಾಗೆಯೇ ಬೆಳೆಯಿತು. ‘ಅವರಿಗೆ ನಮ್ಮ ಊರಿನ ವಿಷಯ ಎಲ್ಲ ಗೊತ್ತುಂಟು’ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ನಮಗೆ ಒಂದು ಊರಿನ ಬಗ್ಗೆಯೂ ಏನೂ ಗೊತ್ತಿರಲಿಲ್ಲ.

ಹೆಸರು ಕೇಳಿಕೊಂಡು ಬರುವುದು ನನ್ನ ಕೆಲಸ. ಆ ದಿನ ನನಗೆ ಹೆಸರು ಕೊಟ್ಟವರು ಯುವಕ ಮಂಡಲದ ಕಾರ್ಯದರ್ಶಿ ಸುಧೀರ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮಾತಿಗೆ ಮೊದಲು ನಗು. ಹೆಣ್ಣು ನೋಡುವ ಐಟಂಗೆ ಯಾರಾದರೂ ಉಂಟಾ ಎಂದು ಕೇಳಿದೆ. “ಲೋಕಯ್ಯ ಅಂತ ಹಾಕಿ. ಊರು ಬಿದ್ದು ನಗ್ತದೆ” ಎಂದರು. ಅವರಿಗೆ ಬೇಸರ ಆಗಲಿಕ್ಕಿಲ್ಲವಾ ಎಂದು ಕೇಳಿದೆ. ಯಾವಾಗಲೂ ಕೇಳುತ್ತಿದ್ದೆ. ಉತ್ತರ ಎಲ್ಲ ಊರಿನಲ್ಲೂ ಒಂದೇ ಇರುತ್ತಿತ್ತು. “ಅಯ್ಯೋ, ಅವ ನಮ್ಮ ಜನ.”

ಲೋಕಯ್ಯ ಅದೇ ಮೈದಾನದ ಗೇಟಿನ ಹತ್ತಿರ ಬೊಂಡ ಮಾರುತ್ತಿದ್ದ. ಬೊಂಡ ಎಂದರೆ ನಮ್ಮಲ್ಲಿ ಎಳನೀರು. ಹೆಂಗಸರು ತಿರುಗಿ ನೋಡಿದ್ದು ಅವನನ್ನು.

ಜನ ನಗುತ್ತಲೇ ಇದ್ದರು. ಹಮೀದ್ ನಗು ನಿಲ್ಲಲೆಂದು ಕಾಯುತ್ತಿದ್ದ. ಅಷ್ಟರಲ್ಲಿ ವೇದಿಕೆಯ ಪಕ್ಕದ ಮೆಟ್ಟಿಲು ಹತ್ತಿ ಒಬ್ಬ ಮನುಷ್ಯ ಬಂದ. ಮೂವತ್ತೈದರ ಹತ್ತಿರದ ವಯಸ್ಸು, ಮಂಡಿಗೆ ಮಡಚಿದ ಲುಂಗಿ, ತಲೆಗೆ ಮುಂಡಾಸಿನ ಹಾಗೆ ಕಟ್ಟಿದ ಬೈರಾಸು. ಕೈಯಲ್ಲಿ ಬೊಂಡ ಕೆತ್ತುವ ಕತ್ತಿ. ಅದರ ಅಂಚು ಒದ್ದೆ ಇತ್ತು, ಅದಕ್ಕೆ ಸಿಪ್ಪೆಯ ಎರಡು ನಾರು ಅಂಟಿತ್ತು. ಆ ಎರಡು ನಾರನ್ನು ನಾನು ಎಷ್ಟು ಸಲ ನೋಡಿದ್ದೇನೆ ಎಂದರೆ, ಈಗ ಬರೆಯುವಾಗ ಒಂದು ಉದ್ದ, ಒಂದು ಗಿಡ್ಡ ಎಂದು ಹೇಳಬಲ್ಲೆ.

ಇದೂ ಕಾರ್ಯಕ್ರಮದ್ದೇ ಎಂದುಕೊಂಡು ಜನ ಚಪ್ಪಾಳೆ ಹೊಡೆದರು.

ಅವನು ಹಮೀದನ ಎದುರು, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತ. ಕತ್ತಿ ಎತ್ತಲಿಲ್ಲ. ಕೆಳಗೆ ಇಳಿಸಿಯೂ ಇರಲಿಲ್ಲ. ಬೊಂಡ ಕೆತ್ತುವವರು ಹಿಡಿಯುವ ಹಾಗೆ ಹೊಟ್ಟೆಯ ಮಟ್ಟದಲ್ಲಿ ಹಿಡಿದಿದ್ದ. ನಮ್ಮ ಕಡೆಯ ವೇದಿಕೆಗಳಲ್ಲಿ ಆಡುವುದು ತುಳು. ಅವನು ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

“ಹೆಸರು ಕೊಟ್ಟದ್ದು ಯಾರು?”

ಮೈಕ್ ಅದನ್ನು ಹಿಡಿಯಿತು. ಇಡೀ ಮೈದಾನಕ್ಕೆ ಕೇಳಿತು, ಇನ್ನೊಮ್ಮೆ ನಕ್ಕರು.

ಹಮೀದನಿಗೆ ಗೊತ್ತಿರಲಿಲ್ಲ. ಅವನು ನನ್ನನ್ನು ನೋಡಿದ. ಲೋಕಯ್ಯನೂ ಅವನ ಕಣ್ಣು ಹೋದ ದಾರಿ ಹಿಡಿದು ನನ್ನನ್ನು ನೋಡಿದ. ಸುಧೀರ ಮುಂದಿನ ಸಾಲಿನಲ್ಲಿ ಅತಿಥಿಗಳ ಪಕ್ಕ ಕೂತಿದ್ದರು. ನಗುತ್ತಿದ್ದರು, ಆಮೇಲೆ ನಗು ನಿಲ್ಲಿಸಿ ಜೇಬಿನ ಪೆನ್ನು ಸರಿಮಾಡಿಕೊಂಡರು. ನಾನು ಹೆಸರು ಹೇಳಿದರೆ ಆ ಕತ್ತಿ ಮೂರು ಮೆಟ್ಟಿಲು ಇಳಿದು ಅವರ ಹತ್ತಿರ ಹೋಗುತ್ತದೆ. ಹೇಳದಿದ್ದರೆ ಇಲ್ಲೇ ಇರುತ್ತದೆ, ಹಮೀದನ ಹೊಟ್ಟೆಯ ಎದುರು. ಬಿ.ಎ.ಯಲ್ಲಿ ನನಗೆ ತರ್ಕಶಾಸ್ತ್ರ ಒಂದು ವಿಷಯವಾಗಿತ್ತು. ಪ್ರಯೋಜನ ಆಗಲಿಲ್ಲ. ನಾನು ಗಡಿಯಾರ ನೋಡಿದೆ.

“ಕೇಳಿದ್ದು ನಿಮ್ಮತ್ರ. ಹೆಸರು ಕೊಟ್ಟದ್ದು ಯಾರು?”

ಹಿಂದಿನ ಕಡೆ ನಾಲ್ಕೈದು ಹುಡುಗರು ಎದ್ದು ನಿಂತದ್ದು ಕಂಡಿತು. ಅವರಲ್ಲಿ ಒಬ್ಬ, ಬ್ಯಾರಿಗೆ ನಮ್ಮವರ ಹೆಸರು ಎತ್ತುವ ಕೆಲಸ ಯಾಕೆ ಎಂದು ಕೂಗಿದ. ಬ್ಯಾರಿ ಎಂದರೆ ನಮ್ಮ ಕಡೆಯ ಮುಸಲ್ಮಾನ; ಆ ಕೂಗು ತಮಾಷೆಯದ್ದಲ್ಲ. ಈಗ ಏನಾದರೂ ಆದರೆ ಅದು ಬೊಂಡ ಮಾರುವವನಿಗೂ ಜೋಕು ಹೇಳುವವನಿಗೂ ಆದದ್ದು ಆಗಿ ಉಳಿಯುವುದಿಲ್ಲ, ಸಂಜೆಯೊಳಗೆ ಬಿ.ಸಿ. ರೋಡಿನಲ್ಲಿ ಅಂಗಡಿಗಳ ಶಟರ್ ಬೀಳುತ್ತದೆ, ಮೆಲ್ಕಾರಿನ ಚಪ್ಪಲಿ ಅಂಗಡಿಯಲ್ಲಿ ಹಮೀದನ ತಂದೆ ಒಬ್ಬರೇ ಕೂತಿರುತ್ತಾರೆ. ಇಷ್ಟೂ ನನಗೆ ಒಂದೇ ಸಲ ಕಂಡಿತು. ಲೋಕಯ್ಯ ಆ ಕಡೆ ತಿರುಗಲೂ ಇಲ್ಲ.

“ಕೂತ್ಕೊಳ್ಳಿ ನೀವು. ಇದು ನನ್ನ ವಿಷಯ” ಎಂದ.

ಅವರು ಕೂತರು. ಕೂತದ್ದಕ್ಕೂ ಜನ ನಕ್ಕರು.

ಆಗ ಹಮೀದ್ ಮಾಡಿದ್ದನ್ನು ನಾನು ಯಾವ ತರಬೇತಿಯಲ್ಲೂ ಕಲಿಸಲಾರೆ. ಅವನು ಮೈಕ್ ಸ್ಟ್ಯಾಂಡನ್ನು ಬಿಟ್ಟು ವೇದಿಕೆಯ ಹಲಗೆಯ ಮೇಲೆ ಕಾಲು ಮಡಚಿ ಕೂತುಬಿಟ್ಟ. ಈಗ ಅವನ ಕುತ್ತಿಗೆ ಕತ್ತಿಗಿಂತ ಕೆಳಗೆ. ತಲೆ ಎತ್ತಿ, ಅಂಗಡಿಯ ಎದುರು ನಿಂತ ಗಿರಾಕಿಯ ದನಿಯಲ್ಲಿ ಹೇಳಿದ.

“ಅಣ್ಣ, ಗಂಟಲು ಒಣಗಿತು. ಒಂದು ಬೊಂಡ ಕೊಡಿ.”

ಲೋಕಯ್ಯ ಅವನನ್ನು ನೋಡುತ್ತಾ ನಿಂತ. ಆಮೇಲೆ, ವರ್ಷಗಟ್ಟಲೆ ದಿನವೂ ಕೇಳಿ ರೂಢಿಯಾದ ಮಾತು ಅವನ ಬಾಯಿಂದ ತಾನಾಗಿ ಬಂತು.

“ಬರೀ ನೀರಿನದ್ದಾ, ತಿರುಳಿರುವುದಾ?”

“ಬರೀ ನೀರಿನದ್ದು.”

“ಅವರಿಗೆ?”

“ಅವನಿಗೂ ಒಂದು ಕೊಡಿ. ಅವನದ್ದು ಪೂರ್ತಿ ಒಣಗಿದೆ.”

ಲೋಕಯ್ಯ ಇಳಿದು ಹೋಗಿ ಎರಡು ಬೊಂಡ ಹಿಡಿದು ತಿರುಗಿ ಬಂದ. ಅಷ್ಟು ಹೊತ್ತಿನಲ್ಲಿ ನಾವು ಓಡಬಹುದಿತ್ತು. ಇಬ್ಬರೂ ಓಡಲಿಲ್ಲ. ಹಮೀದ್ ಆಮೇಲೆ ಕಾಲು ಮರಗಟ್ಟಿತ್ತು ಎಂದ. ನನ್ನದು ಮರಗಟ್ಟಿರಲಿಲ್ಲ, ಇದ್ದದ್ದೇ ನೆನಪಿಲ್ಲ. ಲೋಕಯ್ಯ ಹಮೀದನ ಎದುರು ಕುಕ್ಕರಗಾಲಿನಲ್ಲಿ ಕೂತು ಕೆತ್ತಿದ. ಕತ್ತಿ ಬೀಳುವ ಸದ್ದು ಮೈಕಿನಲ್ಲಿ ದೊಡ್ಡದಾಗಿ ಕೇಳುತ್ತಿತ್ತು, ಪ್ರತಿ ಏಟಿಗೂ ಮುಂದಿನ ಸಾಲಿನ ಅತಿಥಿಗಳ ಭುಜ ಒಮ್ಮೆ ಮೇಲೆ ಹೋಗಿ ಬರುತ್ತಿತ್ತು. ಒಂದನ್ನು ಅವನಿಗೆ ಕೊಟ್ಟ, ಒಂದನ್ನು ನನಗೆ ಕೊಟ್ಟ. ನಾವು ಕುಡಿದೆವು. ಕೆಲಸ ಮುಗಿದ ಮೇಲೆ ಅವನಿಗೆ ಮೈಕ್ ಕಂಡಿತು. ಕತ್ತಿಯನ್ನು ಕಂಕುಳಿಗೆ ಇರಿಸಿ, ಸ್ಟ್ಯಾಂಡಿನ ಎದುರು ನಿಂತ.

“ನನಗೆ ಫಿಟ್ಸ್ ಇಲ್ಲ” ಎಂದ.

ಜನ ನಕ್ಕರು. ಅವನು ಕಾದ. ಮುಂದಿನ ಸಾಲಿನ ನಗು ನಿಂತಿತು, ನಡುವಿನದ್ದು ನಿಂತಿತು, ಹಿಂದಿನ ಹುಡುಗರದ್ದೂ ನಿಂತಿತು. ಶೀನ ಮಾಸ್ಟ್ರು ಇದ್ದಿದ್ದರೆ ಅವನ ಅಂಗಿ ಎಳೆಯುವ ಕೆಲಸ ಇರುತ್ತಿರಲಿಲ್ಲ. ಎಲ್ಲ ನಿಂತ ಮೇಲೆ ಹೇಳಿದ.

“ಮೂಡುಬಿದ್ರೆ ಕಡೆಯ ಹೆಣ್ಣು. ಮಾತು ಆಗಿತ್ತು. ಯಾರೋ ಹೋಗಿ ಹುಡುಗನಿಗೆ ಫಿಟ್ಸ್ ಉಂಟೂಂತ ಹೇಳಿದ್ದಾರೆ. ಅವರು ಬೇಡ ಅಂದ್ರು. ನಾನು ದಿನಾ ತೆಂಗಿನಮರ ಹತ್ತುವವ. ಫಿಟ್ಸ್ ಇದ್ದವ ಮರ ಹತ್ತಿದ್ರೆ ಇಷ್ಟೊತ್ತಿಗೆ ಇರ್ತಿದ್ನಾ? ನೀವೆಲ್ಲ ಇದ್ದೀರಿ, ನೀವೇ ಹೇಳಿ.”

ಯಾರೂ ಹೇಳಲಿಲ್ಲ. ನಾನು ಆಗ ಗಡಿಯಾರ ನೋಡಲಿಲ್ಲ.

“ಅಷ್ಟೇ” ಎಂದು ಲೋಕಯ್ಯ ಮೈಕಿನಿಂದ ಹಿಂದೆ ಸರಿದ. ಇಳಿಯುವ ಮೊದಲು ನನ್ನ ಹತ್ತಿರ ಬಂದು, ಮೈಕಿಗೆ ಕೇಳದಷ್ಟು ಮೆಲ್ಲಗೆ ಒಂದು ಮಾತು ಹೇಳಿದ.

“ನಿಮಗೆ ಹೆಸರು ಗೊತ್ತುಂಟು. ಮುಖ ನೋಡಿದ್ರೆ ಗೊತ್ತಾಗ್ತದೆ. ಇನ್ನೊಮ್ಮೆ ಕೇಳ್ತೇನೆ.”

ಕಾರ್ಯಕ್ರಮ ಅಲ್ಲಿಗೆ ಮುಗಿಯಿತು. ಬಹುಮಾನ ವಿತರಣೆ ಸಮಯಕ್ಕೆ ಸರಿಯಾಗಿ ಶುರುವಾಯಿತು. ವೇದಿಕೆಯ ಹಿಂದೆ ಒಬ್ಬ ಅತಿಥಿ, ಬೊಂಡದ ಸೀನ್ ಬಹಳ ನೈಜವಾಗಿತ್ತು, ಎಷ್ಟು ದಿನ ರಿಹರ್ಸಲ್ ಮಾಡಿದಿರಿ ಎಂದು ಕೇಳಿದರು. ಸಮಿತಿಯ ಇನ್ನೊಬ್ಬರು ಪೊಲೀಸ್ ಕಂಪ್ಲೇಂಟ್ ಕೊಡುವ ಎಂದರು. ಹಮೀದ್ ಕೈ ಮುಗಿದ. “ಏನೂಂತ ಕೊಡುದು? ಬೊಂಡ ಕೊಟ್ಟ ಅಂತಲಾ?” ಸುಧೀರ ನನ್ನನ್ನು ಬದಿಗೆ ಕರೆದು, ಅವ ಕಿವಿಯಲ್ಲಿ ಏನು ಹೇಳಿದ ಎಂದು ಕೇಳಿದರು. ಕಾರ್ಯಕ್ರಮ ಚೆನ್ನಾಗಿತ್ತು ಎಂದ ಎಂದೆ.

ಉಪ್ಪಿನಂಗಡಿಯವರೆಗೆ ಶಾಲೆಯ ಹೆಡ್ಮಾಸ್ಟರರು ತಮ್ಮ ಜೀಪಿನಲ್ಲಿ ಬಿಟ್ಟರು. ದಾರಿಯಲ್ಲಿ ಅವರು ಬೇರೇನೂ ಯೋಚಿಸದೆ ಹೇಳಿದ ಮಾತು ನನ್ನನ್ನು ಮುಗಿಸಿತು. ಆ ಮೂಡುಬಿದಿರೆಯ ಹುಡುಗಿಯನ್ನು ಸುಧೀರ ತನ್ನ ತಮ್ಮನಿಗೆ ಕೇಳಿದ್ದರಂತೆ. ಹುಡುಗಿಯ ಮನೆಗೆ ಹೋಗಿ ಫಿಟ್ಸಿನ ಮಾತು ಹೇಳಿದವರೂ ಅವರೇ ಎಂದು ಊರಲ್ಲಿ ಎಲ್ಲರಿಗೂ ಗೊತ್ತು, ಲೋಕಯ್ಯನಿಗೆ ಮಾತ್ರ ಯಾರೂ ಹೇಳಿಲ್ಲ ಎಂದರು. ಅಂದರೆ ಈಗ ನನ್ನ ಬಾಯಲ್ಲಿ ಇರುವುದು ಬರೀ ಜೋಕಿಗೆ ಹೆಸರು ಕೊಟ್ಟವನ ಹೆಸರಲ್ಲ. ಲೋಕಯ್ಯ ಇನ್ನೊಮ್ಮೆ ಕೇಳುತ್ತಾನೆ. ನಾನು ಹೇಳಿದರೆ ಅವನು ಸುಧೀರನನ್ನು ಕಡಿಯುತ್ತಾನೆ. ಹೇಳದಿದ್ದರೆ ಎದುರಿಗೆ ಇರುವುದು ನಾನು. ಉಪ್ಪಿನಂಗಡಿಯಲ್ಲಿ ಬಸ್ ಹತ್ತಿದ ಹಮೀದ್ ಮಾಣಿಯ ಸ್ಟಾಪು ಬರುವ ಮೊದಲೇ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದ. ಹೊಟ್ಟೆಯ ಎದುರು ಕತ್ತಿ ಇದ್ದದ್ದು ಅವನದ್ದು. ನಿದ್ದೆ ಹೋದದ್ದು ನನ್ನದು.

ಆ ದಿನದಿಂದ ನಾನು ಯಾವ ರಾತ್ರಿಯೂ ಬೆಳಗಿನವರೆಗೆ ಮಲಗಲಿಲ್ಲ. ಒಂದು ಹೊತ್ತಿಗೆ ಎಚ್ಚರವಾಗುತ್ತಿತ್ತು. ಎದ್ದರೆ ಅದೇ ವೇದಿಕೆ, ಅದೇ ಪ್ರಶ್ನೆ. ಕೆಲವು ಸಲ ನಾನು ಸುಧೀರನ ಹೆಸರು ಹೇಳುತ್ತಿದ್ದೆ, ಆಮೇಲೆ ಆಗುವುದನ್ನೆಲ್ಲ ನೋಡಬೇಕಾಗುತ್ತಿತ್ತು. ಕೆಲವು ಸಲ ಸುಳ್ಳು ಹೆಸರು ಹೇಳುತ್ತಿದ್ದೆ, ಆ ಹೆಸರಿನವನೂ ಮುಂದಿನ ಸಾಲಿನಲ್ಲಿ ಇರುತ್ತಿದ್ದ. ಮದುವೆಯಾದ ಮೇಲೆ ಹೆಂಡತಿ ಸುಮತಿ, ಇದು ಯಾವ ಕಾಯಿಲೆ ಎಂದು ಕೇಳಿದಳು. ಹೇಳಿದೆ. ಅವಳು ಎಲ್ಲ ಕೇಳಿ, ಬೊಂಡದ ದುಡ್ಡು ಕೊಟ್ಟಿರಾ ಎಂದಳು. ಕೊಟ್ಟಿರಲಿಲ್ಲ. ಅದೂ ಒಂದು ಸೇರಿಕೊಂಡಿತು.

ಕೆಲಸದ ಕ್ರಮವನ್ನು ಬದಲಾಯಿಸಿದವನು ಹಮೀದ್. ಇನ್ನು ಸಮಿತಿಯವರ ಹತ್ತಿರ ಹೆಸರು ಕೇಳುವುದು ಬೇಡ, ಬೆಳಗ್ಗೆಯೇ ಊರಿಗೆ ಹೋಗಿ, ಯಾರ ಹೆಸರು ಹಾಕಬೇಕೋ ಅವರನ್ನೇ ಕೇಳುವ ಎಂದ. ನನಗೆ ಇದು ಹುಚ್ಚು ಎನಿಸಿತು. ಯಾರಾದರೂ ತಮ್ಮ ಮೇಲೆ ಜೋಕು ಮಾಡಿ ಎನ್ನುತ್ತಾರಾ? ಎಲ್ಲರೂ ಎನ್ನುತ್ತಾರೆ ಎಂದು ಗೊತ್ತಾಯಿತು. ಮೂಡುಬಿದಿರೆಯಲ್ಲಿ ಒಬ್ಬ ಹೋಟೆಲಿನವರು, ಸಾಂಬಾರು ನೀರು ಎಂದು ಬೇಕಾದರೆ ಹೇಳಿ, ಕಾಫಿಯ ಸುದ್ದಿಗೆ ಬರಬೇಡಿ ಎಂದು ಮಾತು ಮಾಡಿಕೊಂಡರು. ಆ ದಿನ ಹಮೀದ್ ಸಾಂಬಾರಿನ ಮೇಲೆ ಕಾಲು ಗಂಟೆ ಮಾತಾಡಿ, ‘ಕಾಫಿಯ ವಿಷಯ ನಾನು ಹೇಳುವಂತಿಲ್ಲ’ ಎಂದು ಕೈ ಕಟ್ಟಿ ನಿಂತ. ಜನ ಕುರ್ಚಿಯಿಂದ ಬಿದ್ದರು. ಹೋಟೆಲಿನವರು ಊಟ ಹಾಕಿದರು, ಕಾಫಿಯನ್ನೂ ಕೊಟ್ಟರು. ಅದರ ವಿಷಯ ನಾನೂ ಹೇಳುವಂತಿಲ್ಲ. ಬೆಳ್ತಂಗಡಿಯಲ್ಲಿ ಒಬ್ಬ ಅಜ್ಜಿ ನಮ್ಮನ್ನು ಹುಡುಕಿಕೊಂಡು ಬಂದು, ತನ್ನ ಗಂಡನ ಹೆಸರು ಯಾಕೆ ಹಾಕುವುದಿಲ್ಲ, ಅವರೇನು ಕಡಿಮೆಯಾ ಎಂದು ಗದರಿದರು. ಹೀಗೆ ಕೇಳುತ್ತಾ ಹೋದರೆ ಜನ ತಮ್ಮ ಕಥೆಯನ್ನು ತಾವೇ ಹೇಳುತ್ತಿದ್ದರು, ಅದು ಕ್ಯಾಸೆಟ್ಟಿನಲ್ಲಿ ಇರುತ್ತಿರಲಿಲ್ಲ.

ಹೆಣ್ಣು ನೋಡುವ ಐಟಂನಲ್ಲಿ ಹಮೀದ್ ತನ್ನದೇ ಹೆಸರು ಹಾಕಿಕೊಂಡ. ಮೊದಲು ಹೆದರಿಕೆಗೆ ಹಾಕಿದ್ದು. ಆಮೇಲೆ ನಿಜವಾಗಿ ಅವನು ನೋಡಿ ಬಂದ ಹೆಣ್ಣುಗಳ, ಮಗಳನ್ನು ಕೊಡುವ ಮೊದಲು ಅವನ ಅಂಗಡಿಯ ಚಪ್ಪಲಿಯ ಬಾಳಿಕೆ ವಿಚಾರಿಸಿದ ಮಾವಂದಿರ ಕಥೆ ಬರತೊಡಗಿತು. ಅದಕ್ಕೇ ಜನ ಬರುತ್ತಿದ್ದರು. ಒಬ್ಬನೇ ನಿಂತು ಒಂದೂವರೆ ಗಂಟೆ ತನ್ನ ಬಗ್ಗೆ ಮಾತಾಡುವುದಕ್ಕೆ ಈಗ ಸ್ಟ್ಯಾಂಡಪ್ ಎಂದು ಹೆಸರುಂಟಂತೆ. 2000ದ ನಂತರ ಅವನಿಗೆ ಗಲ್ಫಿನ ಸಂಘಗಳಿಂದ ಕರೆ ಬರತೊಡಗಿತು. ಅಲ್ಲಿಗೆ ಒಬ್ಬನೇ ಹೋಗುತ್ತಿದ್ದ, ‘ಆಮೇಲೆ’ ಎನ್ನುವವನಿಗೆ ವಿಮಾನದ ಟಿಕೆಟ್ ಯಾರು ಕೊಡುತ್ತಾರೆ? ಊರಿನ ಕಾರ್ಯಕ್ರಮಗಳಿಗೆ ಮಾತ್ರ ನಾನು ಬೇಕೆಂದು ಹಟ ಹಿಡಿಯುತ್ತಿದ್ದ. ಅವನು ದೊಡ್ಡವನಾದ, ಮದುವೆಯೂ ಆದ. ಆದರೆ ಕೊಕ್ಕಡದ ಆ ದಿನದ ನಂತರ ಅವನು ಬೊಂಡ ಕುಡಿದದ್ದನ್ನು ನಾನು ನೋಡಿಲ್ಲ. ನಿದ್ದೆ ಮಾಡಿದರೂ ಅವನಿಗೂ ಏನೋ ಉಳಿದಿತ್ತು. ನಾವು ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ನಗಿಸುವವರು ಪರಸ್ಪರ ಹೆಚ್ಚು ಮಾತಾಡುವುದಿಲ್ಲ.

ಕೆಲವು ವರ್ಷ ಕಳೆದ ಮೇಲೆ ಮೂಡುಬಿದಿರೆಯ ಒಂದು ಮದುವೆ ಹಾಲ್‌ನಲ್ಲಿ ಹಮೀದನ ಕಾರ್ಯಕ್ರಮ. ಟಿಕೆಟ್ ಇಟ್ಟು ಮಾಡಿದ್ದು. ಬೆಳಗ್ಗೆ ಹತ್ತರ ಹೊತ್ತಿಗೆ ನಾನು ಮೈಕ್ ನೋಡಲು ಹೋದೆ. ಹಮೀದ್ ಬಂದಿರಲಿಲ್ಲ. ಹಾಲ್‌ನ ಕುರ್ಚಿ ಸಾಲದೆಂದು ಹೊರಗಿನಿಂದ ತರಿಸಿದ್ದರು. ಒಬ್ಬರು ಪಿಕಪ್‌ನಿಂದ ಕುರ್ಚಿಗಳನ್ನು ಹತ್ತು ಹತ್ತರ ಅಟ್ಟಿ ಮಾಡಿ ತಂದು ಇಳಿಸುತ್ತಿದ್ದರು. ಪ್ಯಾಂಟು, ಚಪ್ಪಲಿ, ಕಿವಿಯ ಹತ್ತಿರ ಸ್ವಲ್ಪ ನರೆ. ನನ್ನ ಎದುರು ಒಂದು ಅಟ್ಟಿ ಇಳಿಸಿ ನಿಂತು, “ನೀವು ಬೊಂಡದ ದಿನ ಇದ್ದವರಲ್ಲವಾ?” ಎಂದರು.

ಲೋಕಯ್ಯ. ಕೈಯಲ್ಲಿ ಏನೂ ಇರಲಿಲ್ಲ. ನಾನು ಮೊದಲು ನೋಡಿದ್ದು ಅದನ್ನೇ.

ಹೌದೆಂದೆ. ಅವರು ಒಂದು ಕುರ್ಚಿ ತೆಗೆದು ನನಗೆ ಕೊಟ್ಟು, ಇನ್ನೊಂದರಲ್ಲಿ ತಾವು ಕೂತರು. ಇನ್ನು ಕೇಳುತ್ತಾರೆ ಎಂದು ನಾನು ಕಾದೆ. ಅವರು ಕೇಳಿದ್ದು, ಕುರ್ಚಿಗಳನ್ನು ಎಷ್ಟು ಸಾಲು ಮಾಡಬೇಕು ಎಂದು. ಹೇಳಿದೆ. ಆಮೇಲೂ ಕೇಳಲಿಲ್ಲ. ಇಷ್ಟು ವರ್ಷ ಕಾದವನಿಗೆ ಇನ್ನು ಕಾಯಲು ಆಗಲಿಲ್ಲ.

“ಹೆಸರು ಕೊಟ್ಟದ್ದು ಯಾರೂಂತ ನೀವು ಕೇಳ್ಲಿಲ್ಲ” ಎಂದೆ.

“ಯಾವ ಹೆಸರು?” ಎಂದರು. ಆಮೇಲೆ ನೆನಪಾಯಿತು. “ಓ, ಅದಾ. ಸುಧೀರ. ಅವನೇ ಹೋಗಿ ಅವರ ಮನೇಲಿ ಹೇಳಿದ್ದು ಸಹ.”

“ಯಾವಾಗ ಗೊತ್ತಾಯ್ತು?”

“ಗೊತ್ತಿತ್ತಲ್ಲ, ಆ ದಿನವೇ. ಅದಕ್ಕಿಂತ ಮೊದಲೇ.”

“ಮತ್ತೆ ನನ್ನತ್ರ ಕೇಳಿದ್ದು ಯಾಕೆ?”

ಅವರು ಅಂಗೈಯಿಂದ ಮುಖದ ಬೆವರು ಒರೆಸಿಕೊಂಡರು.

“ಸಿಟ್ಟು ಬಂದಿತ್ತು. ಎಲ್ಲರೂ ನನ್ನನ್ನು ನೋಡಿ ನಗ್ತಾ ಇದ್ರು. ಹತ್ತಿ ಬಂದೆ. ಬಂದ ಮೇಲೆ ಏನಾದ್ರೂ ಕೇಳ್ಬೇಕಲ್ಲ. ನೀವು ಮೈಕ್‌ನಲ್ಲಿ ಸುಧೀರ ಅಂತ ಹೇಳಿದ್ದಿದ್ರೆ ನಾನು ಇಳಿದು ಹೋಗ್ಲೇಬೇಕಿತ್ತು. ಅಷ್ಟು ಜನ ನೋಡುವಾಗ ಕತ್ತಿ ಹಿಡ್ಕೊಂಡು ಸುಮ್ಮನೆ ನಿಲ್ಲಿಕ್ಕೆ ಆಗ್ತದಾ? ಹೇಳ್ತೀರಾ, ಹೇಳ್ತೀರಾಂತ ನನಗೂ ಹೆದರಿಕೆ. ನೀವು ಹೇಳ್ಲಿಲ್ಲ.”

“ನಾನು ಹೆದರಿ ಹೇಳ್ಲಿಲ್ಲ.”

“ಹೇಗಾದ್ರೂ ಆಗ್ಲಿ. ಹೇಳ್ಲಿಲ್ಲ ಅಲ್ಲವಾ?”

ಇನ್ನೊಮ್ಮೆ ಕೇಳ್ತೇನೆ ಎಂದಿದ್ದಿರಲ್ಲ ಎಂದು ನೆನಪಿಸಿದೆ. ಹಾಗೆ ಹೇಳಿದ್ದು ಅವರಿಗೆ ನೆನಪಿರಲಿಲ್ಲ. ಇಳಿಯುವಾಗ ಏನಾದರೂ ಹೇಳಬೇಕೆಂದು ಹೇಳಿರಬೇಕು ಎಂದರು. ಅಷ್ಟರಲ್ಲಿ ಅವರ ಮೊಬೈಲ್ ರಿಂಗಾಯಿತು. “ಕುರ್ಚಿ ಇಳಿಸ್ತಾ ಇದ್ದೇನೆ ಮಾರಾಯ್ತಿ, ಮಧ್ಯಾಹ್ನಕ್ಕೆ ಬರ್ತೇನೆ. ಮಕ್ಕಳಿಗೆ ಬಡಿಸು, ಕಾಯ್ಬೇಡ” ಎಂದು ಹೇಳಿ ಎದ್ದರು. ಎದ್ದು ಉಳಿದ ಅಟ್ಟಿಗಳನ್ನು ಇಳಿಸಿದರು. ನಾನೂ ಎರಡು ಅಟ್ಟಿ ಹಿಡಿದೆ. ಸಾಲು ಓರೆಯಾಗಿದೆ ಎಂದು ನನ್ನ ಸಾಲನ್ನು ಅವರು ಪುನಃ ಸರಿಮಾಡಿದರು.

ಆ ಸಂಜೆ ಹಮೀದನಿಗೆ ಈ ವಿಷಯ ಹೇಳಿದೆ. ಅವನು ಪೂರ್ತಿ ಕೇಳಿ, ಕಾರ್ಯಕ್ರಮ ಶುರು ಮಾಡುವ ಎಂದ. ಆ ದಿನ ಅವನು ಎರಡು ಕಡೆ ಮಾತು ಮರೆತ. ನಾನು ‘ಆಮೇಲೆ ಏನಾಯಿತು?’ ಎಂದು ಕೇಳಿದೆ. ಕೊಕ್ಕಡದ ಆ ದಿನದ ನಂತರ ಮೊದಲ ಸಲ, ಹಾಗೆ ಕೇಳುವಾಗ ನನಗೆ ಅದರ ಉತ್ತರದ ಹೆದರಿಕೆ ಇರಲಿಲ್ಲ.

ಮನೆಗೆ ಬಂದು ಊಟ ಮಾಡಿ ಮಲಗಿದೆ. ಕಣ್ಣು ಬಿಟ್ಟಾಗ ಅಂಗಳದಲ್ಲಿ ಬಿಸಿಲು ಬಿದ್ದಿತ್ತು, ಹಾಲಿನವ ಬಂದು ಹೋಗಿದ್ದ. ಸುಮತಿ ಮಂಚದ ಪಕ್ಕದಲ್ಲಿ ಕೂತಿದ್ದಳು, ಕಣ್ಣು ಕೆಂಪಾಗಿತ್ತು. ಏನಾಯಿತು ಎಂದು ಕೇಳಿದೆ. ದಿನಾ ರಾತ್ರಿ ಏಳುವ ಹೊತ್ತಿಗೆ ನಾನು ಏಳದ್ದರಿಂದ ಅವಳಿಗೆ ಹೆದರಿಕೆಯಾಗಿ, ಉಸಿರು ಉಂಟಾ ಎಂದು ನೋಡಿದಳಂತೆ. ಇತ್ತಂತೆ. ಆದರೂ ಮತ್ತೆ ಮತ್ತೆ ನೋಡುತ್ತಾ, ಆ ರಾತ್ರಿ ಅವಳಿಗೆ ಕಣ್ಣು ಮುಚ್ಚಲು ಆಗಲಿಲ್ಲವಂತೆ.